ಬನ್ನಿ ಕಾರ್ಡಿನ ಮೇಲೆ ಬಂಗಾರದ ಇಂಕು ನಿಲ್ಲುತ್ತಿಲ್ಲ, ಕನ್ನಡ ಅಕ್ಷರದ ಸ್ಟ್ಯಾಂಪ್ ಎಲ್ಲಿ ಮಾಡಿಸಲಿ?

ಬನ್ನಿಎಲೆ, ಕಲಬುರಗಿ

ಎಲ್ಲರಿಗೂ ಶರಣು.

ಈ ದಸರಾಕ್ಕೆ ಹೊರಗಿರುವ ನಮ್ಮವರಿಗೆಲ್ಲ ಕೈಯಿಂದ ಮಾಡಿದ ಕಾರ್ಡಿನಲ್ಲಿ ಬನ್ನಿ ಕಳಿಸಬೇಕು ಅಂತಿದ್ದೇನೆ. ಪುಣೆಯಲ್ಲಿ ದೊಡ್ಡಪ್ಪನ ಮಕ್ಕಳು, ಹೈದರಾಬಾದಿನಲ್ಲಿ ನಾದಿನಿ, ಅಮೆರಿಕದಲ್ಲಿ ತಮ್ಮ, ಬೆಂಗಳೂರಿನಲ್ಲಿ ಅರ್ಧ ಬಳಗ. ಸಣ್ಣವರಿದ್ದಾಗ ಇವರೆಲ್ಲ ವಿಜಯದಶಮಿ ಸಂಜೆ ಮನೆ ಮನೆಗೆ ಹೋಗಿ ಎಲೆ ಕೊಟ್ಟು, ದೊಡ್ಡವರ ಕಾಲಿಗೆ ಬಿದ್ದು, ‘ಬನ್ನಿ ತಗೊಂಡು ಬಂಗಾರದಂಗಿರೋಣ’ ಅಂತಿದ್ದರು. ಈಗ ಫೋನಿಗೆ ಒಂದು ಚಿತ್ರ ಬರುತ್ತದೆ. ಅದೇ ಚಿತ್ರ ಹತ್ತು ಜನರಿಂದ ಬರುತ್ತದೆ. ನನಗೆ ಅದು ಸಾಲುವುದಿಲ್ಲ. ಕೈಯಲ್ಲಿ ಹಿಡಿಯುವಂಥದ್ದು ಏನಾದರೂ ಅವರ ಮನೆ ಬಾಗಿಲಿಗೆ ಹೋಗಬೇಕು.

ಸಾಮಾನು ಒಂದಿಷ್ಟು ಕೂಡಿಸಿದ್ದೇನೆ. ಆನ್‌ಲೈನಿನಲ್ಲಿ ತರಿಸಿದ ಪಾರದರ್ಶಕ ಸ್ಟ್ಯಾಂಪಿನ ಒಂದು ಸೆಟ್ಟು, ಅದನ್ನು ಅಂಟಿಸಿಕೊಳ್ಳಲು ಅಕ್ರಿಲಿಕ್ ಬ್ಲಾಕು, ಬಂಗಾರದ ಬಣ್ಣದ ಒಂದು ಇಂಕ್ ಪ್ಯಾಡು, ಹನ್ನೆರಡು ಇಂಚಿನ ಡಿಸೈನ್ ಪೇಪರಿನ ಪುಸ್ತಕ. ಸೂಪರ್ ಮಾರ್ಕೆಟ್ ಕಡೆ ಹೋದಾಗ ಗಿಫ್ಟ್ ಕಟ್ಟುವ ಹೊಳಪಿನ ಕಾಗದವನ್ನೂ ತಂದೆ, ಅದರ ಮೇಲಿನ ಬಳ್ಳಿ ಡಿಸೈನ್ ಬಹಳ ಚೆಂದ ಇತ್ತು.

ಈಗ ತೊಂದರೆ ಕೇಳಿ. ಹೊಳಪಿನ ಕಾಗದದ ಮೇಲೆ ರಾತ್ರಿ ಒತ್ತಿದ ಬಂಗಾರದ ಇಂಕು ಬೆಳಿಗ್ಗೆ ಮುಟ್ಟಿದರೂ ಬೆರಳಿಗೆ ಬರುತ್ತದೆ. ಡಿಸೈನ್ ಪೇಪರಿನ ಮೇಲೆ ಒಣಗುತ್ತದೆ, ಆದರೆ ಕೆನೆ ಬಣ್ಣದ ಹಾಳೆಯಲ್ಲಿ ಅದು ಬಂಗಾರ ಅಂತ ಅನಿಸುವುದೇ ಇಲ್ಲ, ಮಾಸಿದ ಕಂದು ಬಣ್ಣ ಕಾಣುತ್ತದೆ. ಸ್ಟ್ಯಾಂಪಿನ ಮೇಲೆ ಇಂಕು ಸಮ ಕೂರುವುದಿಲ್ಲ, ಹನಿ ಹನಿಯಾಗಿ ಸರಿದುಬಿಡುತ್ತದೆ, ಎಣ್ಣೆ ಹಚ್ಚಿದ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ. ದಪ್ಪ ಹಾಳೆ ಮಡಚಿದರೆ ಮಡಿಕೆಯ ಉದ್ದಕ್ಕೂ ಬಿರುಕು.

ಎಲ್ಲಕ್ಕಿಂತ ದೊಡ್ಡದು ಅಕ್ಷರದ್ದು. ಸೆಟ್ಟಿನಲ್ಲಿ ಇರುವ ಮಾತೆಲ್ಲ ಇಂಗ್ಲಿಷಿನವು. ಬನ್ನಿ ಎಲೆಯ ಕೆಳಗೆ ಇಂಗ್ಲಿಷ್ ಹಾಕಲು ನನಗೆ ಮನಸ್ಸಿಲ್ಲ. ಕೈಯಿಂದ ಬರೆಯಬಹುದು, ಆದರೆ ಎಲ್ಲ ಕಾರ್ಡಿನಲ್ಲೂ ಅಚ್ಚು ಒಂದೇ ಥರ ಬರಲಿ ಅಂತ ಆಸೆ. ಕನ್ನಡದ ಸ್ಟ್ಯಾಂಪ್ ನಮ್ಮ ಕಡೆ ಯಾರಾದರೂ ಮಾಡಿಕೊಡುತ್ತಾರಾ? ತಿಳಿದವರು ಹೇಳಿ.


ಪೆನ್ಸಿಲ್‌ಚಿಪ್ಪು, ಯಾದಗಿರಿ

ಅಕ್ಕಾವರೆ, ಅಕ್ಷರದ ವಿಷಯ ಬಲ್ಲವರು ಹೇಳಲಿ. ನಾನು ಕಾಗದದ ಬಗ್ಗೆ ಹೇಳುತ್ತೇನೆ, ಶಾಲೆ ಮಕ್ಕಳ ಹತ್ತಿರ ಕಾರ್ಡ್ ಮಾಡಿಸುವುದು ನನ್ನ ಕೆಲಸವೇ.

ಕಾಗದಕ್ಕೆ ನಾರಿನ ದಿಕ್ಕು ಅಂತ ಒಂದಿದೆ. ಹಾಳೆಯನ್ನು ಮಡಚದೆ ಎರಡೂ ಕಡೆಯಿಂದ ಸುಮ್ನೆ ಬಾಗಿಸಿ ನೋಡಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಯಾವ ಕಡೆ ಮೆತ್ತಗೆ ಬಾಗುತ್ತದೋ ನಾರು ಆ ಮಡಿಕೆಯ ಗುಂಟ ಇದೆ ಅಂತ ಅರ್ಥ. ಮಡಿಕೆ ಅದೇ ದಿಕ್ಕಿಗೆ ಬರುವಂತೆ ಹಾಳೆ ಕತ್ತರಿಸಿಕೊಳ್ಳಿ. ನಾರಿಗೆ ಅಡ್ಡ ಮಡಚಿದರೆ ಎಷ್ಟೇ ಒಳ್ಳೆ ಹಾಳೆಯಾದರೂ ಬಿರುಕು ಬಿಡುತ್ತದೆ.

ಮಡಚುವ ಮೊದಲು ಗೀರು ಹಾಕಬೇಕು. ಇಂಕು ಮುಗಿದ ಬಾಲ್ ಪೆನ್ ತಗೊಂಡು, ಸ್ಕೇಲ್ ಇಟ್ಟು, ಕೆಳಗೆ ನಾಲ್ಕು ಹಾಳೆ ಪೇಪರ್ ಹಾಕಿ ಒಮ್ಮೆ ಒತ್ತಿ ಎಳೆಯಿರಿ. ಗೀರಿನ ತಗ್ಗು ಕಾರ್ಡಿನ ಹೊರಬದಿಗೆ ಇರಬೇಕು, ಒಳಗಡೆ ಉಬ್ಬು ಬರಬೇಕು. ತುಂಬ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಅಳತೆಗೆ ಎ4 ಹಾಳೆ ಅರ್ಧ ಮಾಡಿ, ಆ ಅರ್ಧವನ್ನು ಮಡಚಿ. ಕಾರ್ಡು 105 ಮಿ.ಮೀ. ಅಗಲ, 148 ಮಿ.ಮೀ. ಉದ್ದ ಆಗುತ್ತದೆ. ಇದಕ್ಕೆ ಸರಿಹೊಂದುವ ಕವರು ಸಿ6 ಅಂತ ಸಿಗುತ್ತದೆ, 114ಕ್ಕೆ 162. ಅಳತೆ ನಾವೇ ಹೊಸದಾಗಿ ಹುಟ್ಟಿಸಿದರೆ ಆಮೇಲೆ ಕವರನ್ನೂ ನಾವೇ ಮಾಡಬೇಕಾಗುತ್ತದೆ.

ದಪ್ಪ ಹಾಳೆಗೆ ದುಡ್ಡು ಸುರಿಯಬೇಡಿ. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿಗೆ ಹೋಗಿ ಕಟಿಂಗ್ ಕೇಳಿ. ಅಂಚಿನಿಂದ ಕತ್ತರಿಸಿ ಉಳಿದ ಪಟ್ಟಿಗಳು ಅವು, 250, 300 ಜಿಎಸ್‌ಎಂನ ದಪ್ಪ ಹಾಳೆಯೇ ಇರುತ್ತದೆ. ಸೀಸನ್ ಮುಗಿದ ಮೇಲೆ ಉಳಿದ ಪತ್ರಿಕೆಯ ಖಾಲಿ ಕವರು, ಹಸಿರು, ಮರೂನ್ ಬಣ್ಣದ ಒಳಹಾಳೆ ಕೂಡ ಅಗ್ಗಕ್ಕೆ ಕೊಡುತ್ತಾರೆ.


ಸಹಿಸಿಕ್ಕಾ, ಬೀದರ

ಅಕ್ಕಾವರೆ, ನಾನು ಬೀದರಿನಲ್ಲಿ ಸಿಕ್ಕಾ, ಅಂದರೆ ರಬ್ಬರ್ ಸ್ಟ್ಯಾಂಪ್, ಮಾಡುವ ಅಂಗಡಿ ಇಟ್ಟಿದ್ದೇನೆ. ಬರುವವರು ಹೆಚ್ಚಾಗಿ ಪಂಚಾಯ್ತಿಯವರು, ವಕೀಲರು, ಡಾಕ್ಟರು, ಶಾಲೆಯ ಹೆಡ್ ಮಾಸ್ತರರು. ಕಾರ್ಡಿಗೆ ಬೇಕು ಅಂತ ಕೇಳುವವರು ಅಪರೂಪ. ನಿಮ್ಮ ಪ್ರಶ್ನೆ ಓದಿ ಬಹಳ ಖುಷಿಯಾಯಿತು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಇಂಕು ಒಣಗದ್ದು, ಬಂಗಾರ ಕಾಣದ್ದು ಬೇರೆ ಬೇರೆ ತೊಂದರೆ ಅಂತ ಕಾಣುತ್ತವೆ, ಬೇರು ಒಂದೇ. ಇಂಕನ್ನು ಬಣ್ಣ ನೋಡಿ ಕೊಂಡಿದ್ದೀರಿ. ಎಲ್ಲರೂ ಹಾಗೇ ಕೊಳ್ಳುತ್ತಾರೆ, ಡಬ್ಬಿಯ ಮೇಲೆ ಬಣ್ಣವೇ ತಾನೆ ಕಾಣುವುದು. ಆದರೆ ಇಂಕನ್ನು ಆರಿಸಬೇಕಾದದ್ದು ಕಾಗದ ನೋಡಿ. ಮೊದಲು ಕಾಗದ, ಅದಕ್ಕೆ ತಕ್ಕ ಇಂಕು, ಕೊನೆಗೆ ಬಣ್ಣ.

ಕಾಗದವನ್ನು ತಿಳಿಯಲು ಒಂದು ಹನಿ ನೀರು ಸಾಕು. ಹಾಳೆಯ ಮೂಲೆಯಲ್ಲಿ ಬೆರಳ ತುದಿಯಿಂದ ಹನಿ ಇಡಿ, ಸ್ವಲ್ಪ ಹೊತ್ತು ನೋಡುತ್ತ ಕೂರಿ. ಹನಿ ಒಳಗೆ ಇಳಿದು ಆ ಜಾಗ ಕಪ್ಪಾದರೆ ಅದು ಹೀರುವ ಕಾಗದ. ಹನಿ ಗುಂಡಗೆ ಹಾಗೇ ಕೂತಿದ್ದು, ಬಟ್ಟೆಯಿಂದ ಒರೆಸಿದರೆ ಗುರುತೂ ಉಳಿಯದಿದ್ದರೆ ಮೇಲೆ ಪ್ಲಾಸ್ಟಿಕ್ಕಿನ ಪದರ ಇದೆ. ನಿಮ್ಮ ಗಿಫ್ಟ್ ಕಾಗದ ಈ ಜಾತಿ. ಇವೆರಡರ ನಡುವೆ ಆರ್ಟ್ ಕಾರ್ಡ್ ಬರುತ್ತದೆ, ಪ್ರೆಸ್ಸಿನವರು ಬಳಸುವ ನುಣುಪು ಹಾಳೆ. ಅದು ಹೀರುತ್ತದೆ, ಆದರೆ ನಿಧಾನ.

ಇನ್ನು ಇಂಕು. ಒಂದು ಡೈ ಇಂಕು. ಇದರಲ್ಲಿ ಬಣ್ಣ ನೀರಿನಲ್ಲಿ ಪೂರ್ತಿ ಕರಗಿರುತ್ತದೆ, ಕಾಗದದ ಒಳಗೆ ಇಳಿಯುತ್ತದೆ, ಬೇಗ ಒಣಗುತ್ತದೆ. ಬಿಸಿಲು ಬೀಳುವ ಗೋಡೆಗೆ ಹಾಕಿದರೆ ವರ್ಷದೊಳಗೆ ಮಂಕಾಗುತ್ತದೆ. ಇನ್ನೊಂದು ಪಿಗ್ಮೆಂಟ್ ಇಂಕು. ಇದರಲ್ಲಿ ಬಣ್ಣ ಕರಗಿರುವುದಿಲ್ಲ, ನುಣ್ಣಗೆ ಅರೆದ ಪುಡಿಯಾಗಿ ತೇಲುತ್ತಿರುತ್ತದೆ. ಅದು ಕಾಗದದ ಮೇಲೆಯೇ ಕೂರುತ್ತದೆ, ಒಣಗುವುದಕ್ಕೆ ಹೊತ್ತು ಬೇಕು, ಆದರೆ ಬಣ್ಣ ಬಹುಕಾಲ ಉಳಿಯುತ್ತದೆ. ಬಂಗಾರ, ಬೆಳ್ಳಿ, ಬಿಳಿ ಇವೆಲ್ಲ ಹೆಚ್ಚಾಗಿ ಪಿಗ್ಮೆಂಟೇ. ನಿಮ್ಮ ಬಂಗಾರದ ಇಂಕು ಪ್ಲಾಸ್ಟಿಕ್ ಪದರದ ಮೇಲೆ ನಾಳೆಯೂ ಒಣಗುವುದಿಲ್ಲ, ಮುಂದಿನ ವಾರವೂ ಒಣಗುವುದಿಲ್ಲ. ಪುಡಿ ತೇಲುವ ಆ ದ್ರವಕ್ಕೆ ಇಳಿಯಲು ದಾರಿಯೇ ಇಲ್ಲ. ಅಂಥ ಹಾಳೆಗೆ ಸಾಲ್ವೆಂಟ್ ಇಂಕು ಬೇಕು, ಸ್ಟೇಜ್‌ಆನ್ ಅಂತ ಬರುತ್ತದಲ್ಲ, ಆ ಥರದ್ದು. ಗಾಜು, ತಗಡು, ಪ್ಲಾಸ್ಟಿಕ್ ಎಲ್ಲದರ ಮೇಲೂ ನಿಲ್ಲುತ್ತದೆ. ನನ್ನ ಕೇಳಿದರೆ ನೀವು ಆ ಗಿಫ್ಟ್ ಕಾಗದದ ಮೇಲೆ ಏನೂ ಒತ್ತಲೇಬೇಡಿ. ಬಳ್ಳಿ ಡಿಸೈನ್ ಚೆಂದ ಇದೆ ಅಂದಿರಿ, ಅದನ್ನು ಅಂಚಿಗೆ ಪಟ್ಟಿಯಾಗಿ ಅಂಟಿಸಿ. ಸ್ಟ್ಯಾಂಪ್ ಮಾತ್ರ ಹೀರುವ ಹಾಳೆಯ ಮೇಲೆ ಒತ್ತಿ.

ಬಂಗಾರ ಬಂಗಾರವಾಗಿ ಕಾಣದಿರುವುದಕ್ಕೂ ಇದೇ ಉತ್ತರ. ಈ ಇಂಕಿನಲ್ಲಿರುವುದು ಹೊಳೆಯುವ ಪುಡಿ. ಬೆಳಕನ್ನು ಅದು ತಿರುಗಿ ಎಸೆಯಬೇಕು, ಸುತ್ತಲಿನ ಹಾಳೆ ಕತ್ತಲಾಗಿರಬೇಕು, ಆಗ ಹೊಳಪು ಕಣ್ಣಿಗೆ ಬೀಳುತ್ತದೆ. ಕೆನೆ ಬಣ್ಣದ ಹಾಳೆ ತಾನೇ ಬೆಳಕು ಎಸೆಯುತ್ತಿರುತ್ತದೆ, ಅದರ ಮುಂದೆ ಇಂಕು ಮಂಕು. ಅದೇ ಇಂಕನ್ನು ಯಾದಗಿರಿಯವರು ಹೇಳಿದ ಮರೂನ್ ಹಾಳೆಯ ಮೇಲೆ ಒತ್ತಿ ನೋಡಿ, ಇದು ನನ್ನದೇ ಇಂಕಾ ಅಂತ ಕೇಳುತ್ತೀರಿ. ನಮ್ಮ ಬಿದರಿ ಕಸುಬಿನವರು ಇದನ್ನು ಯಾವಾಗಲೋ ಕಂಡುಕೊಂಡಿದ್ದಾರೆ. ಸತುವಿನ ಪಾತ್ರೆಯಲ್ಲಿ ಬೆಳ್ಳಿ ತಂತಿ ಕೂರಿಸಿದಾಗ ಎರಡೂ ಬಿಳಿ, ಕೆಲಸ ಕಾಣುವುದೇ ಇಲ್ಲ. ಕೋಟೆಯ ಮಣ್ಣು, ನವಸಾಗರ ಹಾಕಿದ ನೀರಿನಲ್ಲಿ ಅದ್ದಿ ಸತುವು ಕಪ್ಪಾದ ಮೇಲೆ ಬೆಳ್ಳಿ ಎದ್ದು ನಿಲ್ಲುತ್ತದೆ. ಅಂಗಡಿಗೆ ಬಂದವರಿಗೆ ಕಪ್ಪು ಹಾಳೆಯ ಮೇಲೆ ಬೆಳ್ಳಿ ಇಂಕು ಒತ್ತಿ ತೋರಿಸಲು ನನಗೆ ಬಹಳ ಇಷ್ಟ.

ಇಂಕು ಹನಿ ಹನಿಯಾಗಿ ಸರಿಯುತ್ತಿದೆ ಅಂದರೆ ನಿಮ್ಮ ಸ್ಟ್ಯಾಂಪು ಸಿಲಿಕೋನಿನದು ಇರಬೇಕು. ಅಗ್ಗದ ಸೆಟ್ಟುಗಳು ಬಹಳಷ್ಟು ಅದೇ. ಪೆನ್ಸಿಲ್ ಒರೆಸುವ ರಬ್ಬರಿನಿಂದ ಸ್ಟ್ಯಾಂಪಿನ ಮೇಲ್ಮೈಯನ್ನು ಸ್ವಲ್ಪ ಹೊತ್ತು ಉಜ್ಜಿ. ಮೇಲಿನ ಜಾರುಪದರ ಹೋಗುತ್ತದೆ, ಆಮೇಲೆ ಇಂಕು ಹಿಡಿಯುತ್ತದೆ. ಸ್ಟ್ಯಾಂಪನ್ನು ಪ್ಯಾಡಿನ ಮೇಲೆ ಒತ್ತಬೇಡಿ. ಸ್ಟ್ಯಾಂಪನ್ನು ಅಂಗಾತ ಇಟ್ಟು ಪ್ಯಾಡನ್ನು ಅದರ ಮೇಲೆ ಹಗುರಾಗಿ ತಟ್ಟಿ, ಎಲ್ಲಿ ಹಿಡಿದಿದೆ, ಎಲ್ಲಿ ಇಲ್ಲ ಅಂತ ಕಣ್ಣಿಗೆ ಕಾಣುತ್ತದೆ. ಕಾಗದದ ಕೆಳಗೆ ಹಳೇ ಮೌಸ್ ಪ್ಯಾಡ್ ಇಡಿ. ಒತ್ತುವಾಗ ನೇರ ಇಳಿಸಿ, ನೇರ ಎತ್ತಿ, ಆ ಕಡೆ ಈ ಕಡೆ ಅಲ್ಲಾಡಿಸಬೇಡಿ. ಆಫೀಸಿನಲ್ಲಿ ಸಿಕ್ಕಾ ಗುದ್ದುವ ಅಭ್ಯಾಸ ಇದ್ದರೆ ಅದನ್ನು ಮನೆಯಲ್ಲಿ ಬಿಡಬೇಕು.

ಈಗ ಅಕ್ಷರಕ್ಕೆ ಬರೋಣ. ಕನ್ನಡದ ಸ್ಟ್ಯಾಂಪ್ ಖಂಡಿತ ಆಗುತ್ತದೆ. ಸಿಕ್ಕಾ ಮಾಡುವ ಅಂಗಡಿ ಕಲಬುರಗಿಯಲ್ಲೂ ಇವೆ, ಕೋರ್ಟು, ಕಚೇರಿಗಳ ಸುತ್ತ ನೋಡಿ. ಆದರೆ ಏನು ಕೇಳಬೇಕು ಅಂತ ತಿಳಿದು ಹೋಗಿ. ನೀವು ಸುಮ್ನೆ ‘ಒಂದು ಸ್ಟ್ಯಾಂಪ್ ಮಾಡಿಕೊಡಿ’ ಅಂದರೆ ಒಳಗೇ ಇಂಕು ತುಂಬಿರುವ ರೆಡಿ ಸಿಕ್ಕಾ ಕೊಟ್ಟುಬಿಡುತ್ತಾರೆ. ಆಫೀಸಿಗೆ ಅದು ಅನುಕೂಲ, ನಿಮಗೆ ಅದು ಬೇಡ. ಅದರಲ್ಲಿ ಬಣ್ಣ ಬದಲಿಸಲು ಬರುವುದಿಲ್ಲ, ಬಂಗಾರದ ಇಂಕು ಹಾಕಲು ಆಗುವುದೇ ಇಲ್ಲ. ‘ಬರೀ ರಬ್ಬರ್ ಕೊಡಿ, ಕಟ್ಟಿಗೆ ಹಿಡಿ ಹಾಕಿ ಕೊಟ್ಟರೂ ನಡೆಯುತ್ತದೆ’ ಅನ್ನಿ.

ಮಾಡುವ ರೀತಿ ಎರಡು. ಒಂದು ಪಾಲಿಮರ್. ಅಕ್ಷರದ ನೆಗೆಟಿವ್ ತೆಗೆದು, ಅದರ ಮೇಲೆ ಜೇನಿನಷ್ಟು ದಪ್ಪನೆಯ ದ್ರವ ಸುರಿದು, ಗಾಜಿನ ನಡುವೆ ಇಟ್ಟು ಯುವಿ ಬೆಳಕು ಬಿಡುತ್ತೇವೆ. ಬೆಳಕು ಬಿದ್ದ ಕಡೆ ಗಟ್ಟಿಯಾಗುತ್ತದೆ, ಬೀಳದ ಕಡೆ ಬ್ರಷ್ಷಿನಿಂದ ತೊಳೆದರೆ ಹೋಗುತ್ತದೆ. ಇನ್ನೊಂದು ಲೇಸರ್. ರಬ್ಬರ್ ಹಾಳೆಯಲ್ಲಿ ಅಕ್ಷರ ಬಿಟ್ಟು ಉಳಿದದ್ದನ್ನೆಲ್ಲ ಸುಟ್ಟು ತೆಗೆಯುತ್ತದೆ. ವಾಸನೆ ಕೆಟ್ಟದ್ದು, ಕೆಲಸ ಚೊಕ್ಕ.

ಎರಡರಲ್ಲೂ ಪ್ರಾಣ ಇರುವುದು ಒತ್ತಕ್ಷರದಲ್ಲಿ. ‘ಹಬ್ಬದ ಶುಭಾಶಯಗಳು’ ಅಂತ ಬರೆದುಕೊಂಡು ಬರುತ್ತಾರೆ. ‘ಬ್ಬ’ ನೋಡಿ. ಕೆಳಗಿನ ಸಣ್ಣ ಬ ಬಹುತೇಕ ಮುಚ್ಚಿದ ಗುಂಡಿ. ಅಕ್ಷರ ಸಣ್ಣದಾದರೆ ಆ ಗುಂಡಿಯ ಒಳಗಿನ ಜಾಗ ಕೂದಲೆಳೆಯಷ್ಟು ಉಳಿಯುತ್ತದೆ. ಮೊದಲ ಸಲ ಒತ್ತಿದಾಗ ಸರಿ ಬರುತ್ತದೆ. ಒತ್ತುತ್ತ ಹೋದಂತೆ ಇಂಕು ಅಲ್ಲಿ ತುಂಬಿಕೊಂಡು, ಅಕ್ಷರದ ಕೆಳಗೆ ಒಂದು ಕಪ್ಪು ಚುಕ್ಕೆ ಆಗಿ ಕೂರುತ್ತದೆ. ಪಿಗ್ಮೆಂಟ್ ಇಂಕು ಮಂದ ಇರುವುದರಿಂದ ಇನ್ನೂ ಬೇಗ ತುಂಬುತ್ತದೆ. ನೀವು ಮೇಲೆ ಬರೆದಿರಲ್ಲ, ‘ಬನ್ನಿ ತಗೊಂಡು ಬಂಗಾರದಂಗಿರೋಣ’, ಅದನ್ನೇ ಮಾಡಿಸಿ. ಇಡೀ ಸಾಲಿನಲ್ಲಿ ಒತ್ತು ಇರುವುದು ಒಂದೇ ಕಡೆ, ‘ನ್ನಿ’ಯಲ್ಲಿ. ನಕಾರದ ಒತ್ತು ತೆರೆದ ಕೊಕ್ಕೆ, ಅದು ತುಂಬುವುದಿಲ್ಲ. ಎರಡು ಸಾಲು ಮಾಡಿ, ‘ಬನ್ನಿ ತಗೊಂಡು’ ಮೇಲೆ, ‘ಬಂಗಾರದಂಗಿರೋಣ’ ಕೆಳಗೆ. ನಡುವೆ ಜಾಗ ಜಾಸ್ತಿ ಬಿಡಿ, ಇಲ್ಲದಿದ್ದರೆ ಮೇಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಕಾರ್ಡಿನ ಅಗಲ 105 ಅಂದರೆ ಸ್ಟ್ಯಾಂಪು 70 ಮಿ.ಮೀ. ಇರಲಿ, ಎರಡೂ ಬದಿಗೆ ಉಸಿರಾಡಲು ಜಾಗ ಉಳಿಯುತ್ತದೆ.

ಫಾಂಟ್ ಆರಿಸುವಾಗ ಗೆರೆಯ ದಪ್ಪ ಎಲ್ಲ ಕಡೆ ಒಂದೇ ಇರುವಂಥದ್ದು ನೋಡಿ. ಬಾಲೂ ತಮ್ಮ ಅನ್ನುವ ಫಾಂಟ್ ಚೆನ್ನಾಗಿ ಬರುತ್ತದೆ, ದುಂಡಗೆ, ಗಟ್ಟಿಯಾಗಿ. ಪುಸ್ತಕದ ಅಚ್ಚಿನ ಥರ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇರುವ ಫಾಂಟ್ ಕಣ್ಣಿಗೆ ಚೆಂದ, ಆದರೆ ರಬ್ಬರಿನಲ್ಲಿ ಆ ತೆಳು ಗೆರೆ ಅಲ್ಲಾಡುತ್ತದೆ, ಮುರಿಯುತ್ತದೆ. ನೀವೇ ಕೈಯಿಂದ ಬರೆದರೂ ನಡೆಯುತ್ತದೆ. ಬಿಳಿ ಹಾಳೆಯ ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಬೇಕಾದ ಅಳತೆಯ ಎರಡರಷ್ಟು ದೊಡ್ಡದಾಗಿ ಬರೆದು, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಫೋನಿನಲ್ಲಿ ತೆಗೆದ ಫೋಟೋದಲ್ಲಿ ನೆರಳು ಬೀಳುತ್ತದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದರೆ ಫೈಲನ್ನು ಹಾಗೇ ಕಳಿಸಬೇಡಿ, ಅಂಗಡಿಯವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅಕ್ಷರವೆಲ್ಲ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ. ಪಿಡಿಎಫ್ ಮಾಡಿ ಕಳಿಸಿ. ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸುವ ಕೆಲಸ ನಮ್ಮದು, ನೀವು ತಿರುಗಿಸಬೇಡಿ. ಇಬ್ಬರೂ ತಿರುಗಿಸಿದರೆ ಅಚ್ಚು ಉಲ್ಟಾ ಬರುತ್ತದೆ.


ಬನ್ನಿಎಲೆ, ಕಲಬುರಗಿ

ಅಣ್ಣಾವರೆ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಶರಣು ಶರಣಾರ್ಥಿ. ಹನಿ ಇಟ್ಟು ನೋಡಿದೆ. ಡಿಸೈನ್ ಪುಸ್ತಕದ ಹಾಳೆ ಹೀರಿತು, ಗಿಫ್ಟ್ ಕಾಗದದ ಮೇಲೆ ಹನಿ ಹಾಗೇ ನಿಂತಿತು. ಮನೆಯಲ್ಲಿ ಒಂದು ಲಗ್ನಪತ್ರಿಕೆಯ ಮರೂನ್ ಒಳಹಾಳೆ ಇತ್ತು, ಅದರ ಮೇಲೆ ಒತ್ತಿದೆ. ನಿಜವಾಗಿ ಬಂಗಾರ! ಅತ್ತೆಯವರು ಕಿಟಕಿ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

ಇನ್ನು ಎಲೆಯದ್ದು ಉಳಿದಿದೆ. ಸೆಟ್ಟಿನಲ್ಲಿರುವ ಎಲೆಗಳು ಯಾವುದೋ ದೇಶದ ಮರದವು, ಬನ್ನಿ ಅಂತ ಯಾರೂ ಅನ್ನುವುದಿಲ್ಲ. ಎಲೆಯನ್ನೂ ಅಂಗಡಿಯಲ್ಲೇ ಮಾಡಿಸಲಾ, ಅಥವಾ ನಾನೇ ಕೊರೆಯಬಹುದಾ? ಬಿಸಿಗೆ ಕರಗುವ ಎಂಬಾಸಿಂಗ್ ಪುಡಿ ಹಾಕಿದರೆ ಬಂಗಾರ ಉಬ್ಬಿ ನಿಲ್ಲುತ್ತದೆ ಅಂತಾರೆ. ಯಾರಾದರೂ ಮಾಡಿದ್ದೀರಾ? ಹೇರ್ ಡ್ರೈಯರ್ ಸಾಕಾ?


ಪೆನ್ಸಿಲ್‌ಚಿಪ್ಪು, ಯಾದಗಿರಿ

ಎಲೆ ನೀವೇ ಕೊರೆಯಿರಿ. ದೊಡ್ಡ ಅಳತೆಯ ಬಿಳಿ ಇರೇಸರ್ ತಗೊಳ್ಳಿ. ನಿಜವಾದ ಬನ್ನಿ ಕಡ್ಡಿಯನ್ನು ಎದುರಿಗಿಟ್ಟು ಟ್ರೇಸಿಂಗ್ ಹಾಳೆಯ ಮೇಲೆ ಮೆತ್ತನೆ ಪೆನ್ಸಿಲಿನಿಂದ ಬರೆಯಿರಿ. ಹಾಳೆಯನ್ನು ಇರೇಸರಿನ ಮೇಲೆ ಬೋರಲು ಹಾಕಿ ಉಗುರಿನಿಂದ ಉಜ್ಜಿದರೆ ಚಿತ್ರ ತಾನಾಗೇ ತಿರುಗಿ ಇಳಿಯುತ್ತದೆ. ಕಟರ್ ಬ್ಲೇಡನ್ನು ಗೆರೆಯಿಂದ ಹೊರಗೆ ಓರೆಯಾಗಿ ಹಿಡಿದು ಕತ್ತರಿಸಿ. ಗೆರೆಯ ಬುಡ ಅಗಲ ಇರಬೇಕು, ತುದಿ ಸಣ್ಣ. ಬುಡವನ್ನೇ ಒಳಗೆ ಕೊರೆದರೆ ನಾಲ್ಕು ಸಲ ಒತ್ತುವಷ್ಟರಲ್ಲಿ ಎಲೆ ಕಿತ್ತುಬರುತ್ತದೆ.

ಒಂದು ತೊಡಕು ಮೊದಲೇ ಹೇಳುತ್ತೇನೆ. ಬನ್ನಿ ಎಲೆ ಬಹಳ ಸಣ್ಣದು. ಕಡ್ಡಿಯ ಎರಡೂ ಬದಿಗೆ ಜೋಡಿ ಜೋಡಿಯಾಗಿ ಚುಕ್ಕೆಯಂಥ ಎಲೆಗಳು. ಇದ್ದಷ್ಟೇ ಅಳತೆಗೆ ಕೊರೆದರೆ ಅಚ್ಚಿನಲ್ಲಿ ಬಂಗಾರ ಅಂತ ಕಾಣುವಷ್ಟು ಜಾಗವೇ ಇರುವುದಿಲ್ಲ. ಎರಡು, ಮೂರು ಪಟ್ಟು ದೊಡ್ಡದು ಮಾಡಿ, ಎಲೆಗಳ ಸಂಖ್ಯೆ ಕಡಿಮೆ ಮಾಡಿ. ನೋಡಿದವರಿಗೆ ಬನ್ನಿ ಅಂತ ಗೊತ್ತಾದರೆ ಸಾಕು. ಗಡಿಯಾಚೆ ಮಹಾರಾಷ್ಟ್ರದಲ್ಲಿ ದಸರಾಕ್ಕೆ ಆಪ್ಟಾ ಎಲೆ ಕೊಡುತ್ತಾರಲ್ಲ, ಎರಡು ಹೋಳು ಕೂಡಿದಂಥ ಅಗಲ ಎಲೆ, ಸ್ಟ್ಯಾಂಪಿಗೆ ಅದು ಹೇಳಿ ಮಾಡಿಸಿದ್ದು. ಪುಣೆಯವರಿಗೆ ಕಳಿಸುವ ಕಾರ್ಡಿಗೆ ಅದನ್ನೂ ಕೊರೆಯಬಹುದು.


ಕುಸುರಿಕೆಲಸ, ಕಲಬುರಗಿ

ನಾನೂ ಕಲಬುರಗಿಯವಳೇ ಅಕ್ಕಾ. ಎಂಬಾಸಿಂಗ್ ನನ್ನ ಅಚ್ಚುಮೆಚ್ಚಿನ ಕೆಲಸ, ಇದನ್ನು ಬಿಟ್ಟು ನನಗೆ ಬೇರೆ ಕಾರ್ಡೇ ಬರುವುದಿಲ್ಲ ಅಂದರೂ ನಡೆಯುತ್ತದೆ.

ಹೇರ್ ಡ್ರೈಯರ್ ಆಗುವುದಿಲ್ಲ. ಅದರಲ್ಲಿ ಗಾಳಿ ಜಾಸ್ತಿ, ಬಿಸಿ ಕಡಿಮೆ. ಪುಡಿ ಕರಗುವ ಮೊದಲೇ ಮನೆ ತುಂಬ ಹಾರಿಹೋಗುತ್ತದೆ. ಕರಕುಶಲಕ್ಕೆ ಅಂತಲೇ ಸಣ್ಣ ಹೀಟ್ ಗನ್ ಬರುತ್ತದೆ, ಅದಕ್ಕೆ ಬಿಸಿ ಜಾಸ್ತಿ, ಗಾಳಿ ಕಡಿಮೆ. ಅದಿಲ್ಲದಿದ್ದರೆ ಇಸ್ತ್ರಿಪೆಟ್ಟಿಗೆಯ ಬಿಸಿಯೂ ಸಾಕು. ಕಾರ್ಡಿನ ಹಿಂಬದಿಯನ್ನು ಇಸ್ತ್ರಿಯ ತಳಕ್ಕೆ ಹತ್ತಿರ ಹಿಡಿದರೆ ಕೆಳಗಿನಿಂದ ಕರಗುತ್ತದೆ. ಗ್ಯಾಸ್ ಒಲೆಯ ಮೇಲೆ ಮಾತ್ರ ಬೇಡವೇ ಬೇಡ, ಕಾಗದ ಉರಿ ಹಿಡಿಯುತ್ತದೆ.

ಇಲ್ಲಿ ನಿಧಾನ ಒಣಗುವ ಪಿಗ್ಮೆಂಟ್ ಇಂಕೇ ಬೇಕು. ನಿಮ್ಮ ಬಂಗಾರದ ಪ್ಯಾಡ್ ಒತ್ತಿದ ಕೂಡಲೇ, ಹಸಿ ಇರುವಾಗಲೇ, ಮೇಲೆ ಪುಡಿ ಸುರಿಯಿರಿ. ಕಾರ್ಡನ್ನು ಓರೆ ಮಾಡಿ, ಹಿಂದಿನಿಂದ ಬೆರಳಿನಿಂದ ತಟ್ಟಿ. ಉಳಿದ ಪುಡಿ ಕೆಳಗಿನ ಹಾಳೆಗೆ ಬೀಳುತ್ತದೆ, ಅದನ್ನು ಡಬ್ಬಿಗೇ ವಾಪಸ್ ಹಾಕಿ. ಡೈ ಇಂಕು ಒತ್ತಿದರೆ ಪುಡಿ ಹಾಕುವಷ್ಟರಲ್ಲಿ ಅದು ಒಣಗಿರುತ್ತದೆ, ಪುಡಿ ಹಿಡಿಯುವುದಿಲ್ಲ.

ಅಕ್ಷರದ ಸುತ್ತ ಬೇಡದ ಕಡೆಯೆಲ್ಲ ಪುಡಿಯ ಕಣ ಅಂಟುವುದು ದೊಡ್ಡ ಕಾಟ. ಕೈ ಬೆವರು, ಹಾಳೆಯ ಮೇಲಿನ ಸ್ಥಿರ ವಿದ್ಯುತ್ತು, ಎರಡೂ ಸೇರಿ ಹೀಗಾಗುತ್ತದೆ. ತೆಳು ಬಟ್ಟೆಯಲ್ಲಿ ಮುಖಕ್ಕೆ ಹಚ್ಚುವ ಪೌಡರ್ ಕಟ್ಟಿ ಸಣ್ಣ ಗಂಟು ಮಾಡಿಕೊಳ್ಳಿ. ಸ್ಟ್ಯಾಂಪ್ ಒತ್ತುವ ಮೊದಲು ಹಾಳೆಯ ಮೇಲೆ ಅದನ್ನು ಒಮ್ಮೆ ಹಗುರಾಗಿ ಆಡಿಸಿ. ಜಾಸ್ತಿ ಬೇಡ, ಮರೂನ್ ಹಾಳೆಯ ಮೇಲೆ ಬಿಳಿ ಮಸುಕು ಉಳಿಯುತ್ತದೆ. ಆಮೇಲೂ ಒಂದೆರಡು ಕಣ ಉಳಿದರೆ ಒಣಗಿದ ಸಣ್ಣ ಬ್ರಷ್ಷಿನಿಂದ ತೆಗೆಯಿರಿ. ಬಿಸಿ ಕೊಟ್ಟ ಮೇಲೆ ಏನೂ ಮಾಡಲು ಬರುವುದಿಲ್ಲ.

ಬಿಸಿ ಕೊಡುವುದನ್ನು ಮಾತಿನಲ್ಲಿ ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಗನ್ನನ್ನು ಮೊದಲು ಬೇರೆ ಕಡೆ ತಿರುಗಿಸಿ ಕಾಯಲು ಬಿಡಿ. ಆಮೇಲೆ ಅಕ್ಷರದ ಒಂದು ತುದಿಯಿಂದ ಶುರು ಮಾಡಿ. ಮೊದಲು ಏನೂ ಆಗುವುದಿಲ್ಲ, ಪುಡಿ ಮರಳಿನಂತೆ ಒರಟಾಗಿಯೇ ಇರುತ್ತದೆ. ಥಟ್ಟನೆ ಆ ತುದಿ ನುಣ್ಣಗಾಗಿ ಹೊಳೆಯುತ್ತದೆ, ಹೊಳಪು ಹಾಗೇ ಮುಂದಿನ ಅಕ್ಷರಕ್ಕೆ ಹರಿಯುತ್ತದೆ. ಹೊಳಪು ಬಂದ ಕಡೆಯಿಂದ ಕೂಡಲೇ ಗನ್ ಮುಂದಕ್ಕೆ ಸರಿಸಿ. ಅಲ್ಲೇ ನಿಲ್ಲಿಸಿದರೆ ಪುಡಿ ಕುದಿದು ಕಾಗದದ ಒಳಗೆ ಇಳಿದು ಎಣ್ಣೆ ಕಲೆಯಾಗುತ್ತದೆ, ಉಬ್ಬು ಹೋಗುತ್ತದೆ. ಹಾಳೆ ಬಾಗಿದರೆ ಹೆದರಬೇಡಿ, ಆರಿದ ಮೇಲೆ ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ ಇಡಿ.

ಅಕ್ಷರಕ್ಕೆ ‘ಡಿಟೇಲ್’ ಅಂತ ಬರೆದಿರುವ ನುಣುಪು ಪುಡಿ ತಗೊಳ್ಳಿ. ದಪ್ಪ ಪುಡಿ ಹಾಕಿದರೆ ಬೀದರಿನ ಅಣ್ಣಾವರು ಹೇಳಿದ ಒತ್ತು, ಕೊಕ್ಕೆ ಎಲ್ಲ ಮುಚ್ಚಿಹೋಗುತ್ತದೆ.

ಅಂಟಿನ ಮಾತು ಯಾರೂ ತೆಗೆಯಲಿಲ್ಲ. ಡಿಸೈನ್ ಪೇಪರ್ ಅಂಟಿಸಲು ಫೆವಿಕಾಲ್ ಬೇಡ. ಅದರಲ್ಲಿ ನೀರಿದೆ, ತೆಳು ಹಾಳೆ ಉಬ್ಬಿ ಸುಕ್ಕಾಗುತ್ತದೆ. ಎರಡೂ ಬದಿ ಅಂಟುವ ಟೇಪ್ ಹಾಕಿ, ಇಲ್ಲಾ ಗ್ಲೂ ಸ್ಟಿಕ್. ಅಂಟಿಸುವ ಕೆಲಸ ಬಿಸಿ ಕೊಟ್ಟ ಮೇಲೆ ಇರಲಿ. ಮೊದಲೇ ಅಂಟಿಸಿ ಆಮೇಲೆ ಗನ್ ಹಿಡಿದರೆ ಅಂಟು ಬಿಡುತ್ತದೆ.

ಇನ್ನೊಂದು, ಇದು ನಮ್ಮೂರಿನ ಬಿಸಿಲಿಗೆ. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ ಅಲ್ವಾ, ಪ್ಯಾಡುಗಳನ್ನು ಬೋರಲು ಇಡಿ. ಇಂಕು ಮೇಲ್ಮೈಗೆ ಇಳಿದಿರುತ್ತದೆ. ಪಾರದರ್ಶಕ ಸ್ಟ್ಯಾಂಪುಗಳನ್ನು ಕಿಟಕಿಯ ಬೆಳಕಿನಿಂದ ದೂರ ಇಡಿ, ಹಳದಿಯಾಗಿ ಗಡುಸಾಗುತ್ತವೆ.


ಬನ್ನಿಎಲೆ, ಕಲಬುರಗಿ

ಪೌಡರಿನ ಗಂಟು ಈಗಲೇ ಕಟ್ಟಿಟ್ಟೆ. ಹೀಟ್ ಗನ್ ತರಿಸುತ್ತೇನೆ. ಇನ್ನು ಒಂದೇ ಪ್ರಶ್ನೆ. ಇಷ್ಟೆಲ್ಲ ಮಾಡಿ ಅಂಚೆಗೆ ಹಾಕಿದರೆ ಸರಿಯಾಗಿ ತಲುಪುತ್ತದಾ? ತೂಕ ಎಷ್ಟಾಗುತ್ತದೆ? ಒಳಗೆ ಒಂದೊಂದು ನಿಜವಾದ ಬನ್ನಿ ಎಲೆ ಇಡಬೇಕು ಅಂತಲೂ ಇದೆ.


ಕೆಂಪುಪೆಟ್ಟಿಗೆ, ಬೀದರ

ಅಂಚೆ ಇಲಾಖೆಯಲ್ಲಿ ಇದ್ದೇನೆ, ಇದಕ್ಕೆ ನಾನು ಹೇಳುತ್ತೇನೆ.

ತೂಕವನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ. ಒಂದು ಚದರ ಮೀಟರಿಗೆ ಎ4 ಹಾಳೆ ಹದಿನಾರು ಬರುತ್ತವೆ. ಹಾಗಾಗಿ 300 ಜಿಎಸ್‌ಎಂನ ಎ4 ಒಂದಕ್ಕೆ 18.75 ಗ್ರಾಂ. ನಿಮ್ಮದು ಅರ್ಧ ಹಾಳೆಯ ಕಾರ್ಡು, ಅಂದರೆ 9.4 ಗ್ರಾಂ ಹತ್ತಿರ. ಮುಖಕ್ಕೆ ಅಂಟಿಸುವ 120 ಜಿಎಸ್‌ಎಂ ಡಿಸೈನ್ ಪೇಪರು ಎರಡು ಗ್ರಾಂ ಒಳಗೆ. ಕವರಿಗೆ ನಾಲ್ಕೈದು ಗ್ರಾಂ. ಎಲ್ಲ ಕೂಡಿಸಿದರೂ 20 ಗ್ರಾಂ ದಾಟುವುದಿಲ್ಲ. ದೇಶದೊಳಗೆ 20 ಗ್ರಾಂವರೆಗಿನ ಪತ್ರಕ್ಕೆ ಮೊದಲ ಹಂತದ ದರದ ಅಂಚೆ ಟಿಕೆಟ್ ಸಾಕು. ಮುತ್ತು, ಗುಂಡಿ, ರಿಬ್ಬನ್ನು ಸೇರಿಸಿದರೆ ಮಾತ್ರ ಕೌಂಟರಿನಲ್ಲಿ ತೂಗಿಸಿ ಟಿಕೆಟ್ ಹಚ್ಚಿ, ಕಡಿಮೆ ಬಿದ್ದರೆ ತಗೊಳ್ಳುವವರಿಂದ ದುಡ್ಡು ವಸೂಲಿ ಮಾಡುತ್ತಾರೆ. ಹಬ್ಬದ ಕಾರ್ಡಿಗೆ ಅದು ಚೆಂದ ಅಲ್ಲ.

ಟಿಕೆಟ್ ಹಚ್ಚುವ ಬಲಮೂಲೆಯ ಕೆಳಗೆ ಉಬ್ಬಿದ್ದು ಏನೂ ಬರದಂತೆ ಕಾರ್ಡನ್ನು ಕವರಿನಲ್ಲಿ ಇಡಿ. ಆ ಮೂಲೆಯ ಮೇಲೆ ಠಸ್ಸೆ ಬೀಳುತ್ತದೆ, ಕೆಳಗಿರುವುದು ಜಜ್ಜಿಹೋಗುತ್ತದೆ. ಮರೂನ್ ಕವರು ಬಳಸಿದರೆ ವಿಳಾಸಕ್ಕೆ ಬಿಳಿ ಚೀಟಿ ಅಂಟಿಸಿ. ಗಾಢ ಬಣ್ಣದ ಮೇಲೆ ಪೆನ್ನಿನಲ್ಲಿ ಬರೆದ ಪಿನ್ ಕೋಡ್ ಓದಲು ಬರುವುದಿಲ್ಲ, ಕಾರ್ಡು ಊರೂರು ತಿರುಗುತ್ತದೆ.

ಎಲೆ ಇಡಿ, ಆದರೆ ಹಸಿಯದು ಬೇಡ, ಹಾಳೆ ಕಲೆಯಾಗುತ್ತದೆ. ಪೇಪರಿನ ನಡುವೆ ಒತ್ತಿಟ್ಟು ಪೂರ್ತಿ ಒಣಗಿಸಿ, ತೆಳು ಬಟರ್ ಪೇಪರಿನಲ್ಲಿ ಮಡಚಿ ಇಡಿ. ಅಮೆರಿಕದ ತಮ್ಮನ ಕಾರ್ಡಿನಲ್ಲಿ ಮಾತ್ರ ಎಲೆ ಬೇಡ. ಗಿಡ, ಎಲೆ, ಬೀಜ ಕಳಿಸುವುದಕ್ಕೆ ಹೊರದೇಶಗಳಲ್ಲಿ ಬೇರೆ ನಿಯಮ ಇದೆ. ಅವರಿಗೆ ನಿಮ್ಮ ಬಂಗಾರದ ಅಚ್ಚಿನ ಎಲೆಯೇ ಇರಲಿ. ಆ ಕಾರ್ಡನ್ನು ಎಲ್ಲಕ್ಕಿಂತ ಮೊದಲು ಪೋಸ್ಟ್ ಮಾಡಿ.


ಬನ್ನಿಎಲೆ, ಕಲಬುರಗಿ

ಎಲ್ಲ ತೀರ್ಮಾನ ಆಯಿತು. ಮರೂನ್ ಹಾಳೆಯ ಮೇಲೆ ಬಂಗಾರದ ಉಬ್ಬು, ಅಂಚಿಗೆ ಗಿಫ್ಟ್ ಕಾಗದದ ಬಳ್ಳಿ, ಒಳಗೆ ಕೆನೆ ಹಾಳೆ, ಅದರಲ್ಲಿ ಕೈಬರಹ. ಎಲೆ ನಾನೇ ಕೊರೆಯುತ್ತೇನೆ. ಅಕ್ಷರದ ರಬ್ಬರನ್ನು ಬೀದರಿನ ಅಣ್ಣಾವರ ಹತ್ತಿರವೇ ಮಾಡಿಸಬೇಕು ಅಂತ ಮನಸ್ಸು. ನಮ್ಮ ಮಾವನವರು ಬೀದರಿಗೆ ಬರುತ್ತಿರುತ್ತಾರೆ, ಅವರ ಕೈಯಲ್ಲಿ ತರಿಸಿಕೊಳ್ಳುತ್ತೇನೆ. ಯಾವಾಗ ಫೈಲ್ ಕಳಿಸಿದರೆ ಸಿಗುತ್ತದೆ?


ಸಹಿಸಿಕ್ಕಾ, ಬೀದರ

ಸಂತೋಷ ಅಕ್ಕಾವರೆ. ಫೈಲ್ ಬಂದ ಮಾರನೇ ದಿನ ಮೊದಲ ಅಚ್ಚು ಬಿಳಿ ಹಾಳೆಯ ಮೇಲೆ ಒತ್ತಿ ಫೋಟೋ ಕಳಿಸುತ್ತೇನೆ. ‘ನ್ನಿ’ ಸರಿ ಬಂದಿದೆಯಾ ನೋಡಿ ನೀವು ಹೂಂ ಅಂದ ಮೇಲೆಯೇ ಹಿಡಿ ಕೂರಿಸುತ್ತೇನೆ. ಮಹಾಲಯ ಅಮಾವಾಸ್ಯೆಗೆ ಒಂದು ವಾರ ಮೊದಲೇ ಕಳಿಸಿಬಿಡಿ, ನಿಮಗೆ ಒತ್ತಲು, ಒಣಗಿಸಲು, ಅಂಚೆಗೆ ಹಾಕಲು ಹೊತ್ತು ಬೇಕಲ್ಲ. ತಡವಾದರೆ ಖಂಡೇ ಪೂಜೆ, ಅಂದರೆ ಆಯುಧ ಪೂಜೆ, ಬಂದುಬಿಡುತ್ತದೆ. ಅವತ್ತು ನಮ್ಮ ಲೇಸರ್ ಮೆಷಿನ್ನಿಗೂ ಪೂಜೆ, ಕೆಲಸಕ್ಕೆ ಮುಟ್ಟುವ ಹಾಗಿಲ್ಲ.